ಮೂರು ದಿನದ ಹಾಲು

2009, ಆಗಸ್ಟ್ 24, ಸೋಮವಾರ

ಈ ನೋಟ್‌ಬುಕ್ಕಿನ ಮೊದಲ ಹನ್ನೊಂದು ಪುಟಗಳಲ್ಲಿ ಭೂಗೋಳದ ಪಾಠವಿದೆ, ಮಿಕ್ಕದ್ದೆಲ್ಲ ಖಾಲಿ. ಶಾಲೆ ಬಿಟ್ಟು ಮೂರು ವರ್ಷವಾದರೂ ಇದನ್ನು ಎಸೆದಿರಲಿಲ್ಲ. ಇವತ್ತು ಮನೆಯಲ್ಲಿ ನನ್ನೊಂದಿಗೆ ಮಾತಾಡಲು ಯಾರೂ ತಯಾರಿಲ್ಲ. ಹಾಗಾಗಿ ಹನ್ನೆರಡನೇ ಪುಟದಿಂದ ಬರೆಯುತ್ತಿದ್ದೇನೆ.

ಅಕ್ಕ ನುಹಾದ್ ಮಧ್ಯಾಹ್ನದ ಊಟದ ನಡುವೆ ಚಮಚ ಕೆಳಗಿಟ್ಟು, "ನಾನು ವಸೀಮನ್ನ ಮದುವೆ ಆಗ್ತೀನಿ" ಅಂದಳು. ವಸೀಮ್ ಎದುರು ಮನೆಯವನು. ನಮ್ಮ ಮೂರನೇ ಮಹಡಿಯಲ್ಲಿರುವುದು ಎರಡೇ ಮನೆ, ಎರಡು ಬಾಗಿಲುಗಳ ನಡುವೆ ಆರು ಹೆಜ್ಜೆ. ಅವರು ಸುನ್ನಿ ಮುಸ್ಲಿಮರು, ನಾವು ಆರ್ಥೊಡಾಕ್ಸ್ ಕ್ರೈಸ್ತರು. ನಾನು ಹುಟ್ಟಿದಾಗಿನಿಂದ ಆ ಹೆಜ್ಜೆಗಳನ್ನು ಯಾರೂ ಎಣಿಸಿರಲಿಲ್ಲ. ಇವತ್ತು ಅಪ್ಪ ಎಣಿಸಿದರು.

"ಸತ್ತ ಮೇಲೆ ನಿನ್ನ ಎಲ್ಲಿ ಹೂಳ್ತಾರೆ? ಅವರ ಸ್ಮಶಾನದಲ್ಲಿ ನಿನಗೆ ಜಾಗ ಕೊಡಲ್ಲ, ನಮ್ಮ ಪಾದ್ರಿ ನಮ್ಮದರೊಳಗೆ ಬಿಡಲ್ಲ."

"ಇಪ್ಪತ್ತನಾಲ್ಕು ವರ್ಷದವಳಿಗೆ ಗುಂಡಿ ಹುಡುಕ್ತಿದ್ದೀರಲ್ಲ ಅಪ್ಪ, ಮೊದಲು ಮದುವೆಗೆ ಬಟ್ಟೆ ಹುಡುಕಿ."

ಅಪ್ಪ ನನ್ನ ಕಡೆ ತಿರುಗಿದರು. "ತಕ್ಲಾ, ನಿನಗೆ ಇದು ಗೊತ್ತಿತ್ತಾ?"

"ಗೊತ್ತಿತ್ತು. ಎರಡು ವರ್ಷದಿಂದ."

ನುಹಾದ್ ಮೇಜಿನ ಕೆಳಗೆ ನನ್ನ ಕಾಲಿಗೆ ಒದ್ದಳು. ಅಮ್ಮ ತಲೆ ಹಿಡಿದುಕೊಂಡಳು. ಕೇಳಿದರು, ಹೇಳಿದೆ. ನನ್ನಿಂದ ಬೇರೆ ರೀತಿ ಆಗುವುದಿಲ್ಲ. ಶಾಲೆ ಬಿಟ್ಟದ್ದೂ ಹೀಗೆಯೇ. ಸರ್ಕಾರಿ ಪರೀಕ್ಷೆಯಲ್ಲಿ ಮೇಲ್ವಿಚಾರಕರೇ ಮೂರನೇ ಪ್ರಶ್ನೆಯ ಉತ್ತರವನ್ನು ಕೋಣೆಗೆಲ್ಲ ಪಿಸುಗುಟ್ಟಿದರು. ನಾನು ಉತ್ತರ ಪತ್ರಿಕೆಯಲ್ಲಿ ಹಾಗೆಂದೇ ಬರೆದೆ. ಇಡೀ ಕೋಣೆಯ ಪರೀಕ್ಷೆ ರದ್ದಾಯಿತು. ತಪ್ಪಾಗಿ ಕೇಳಿಸಿಕೊಂಡೆ ಎಂದು ಬರೆದುಕೊಡು ಎಂದು ಮುಖ್ಯೋಪಾಧ್ಯಾಯಿನಿ ಹೇಳಿದರು. ಕೊಡಲಿಲ್ಲ. ಮತ್ತೆ ಹೋಗಲೂ ಇಲ್ಲ. ಅದರ ಬಗ್ಗೆ ನನಗೆ ಒಂದು ದಿನವೂ ಬೇಸರವಾಗಿಲ್ಲ.

ಆಗಸ್ಟ್ 28, ಶುಕ್ರವಾರ

ಶಾಲೆ ಬಿಟ್ಟ ಮೇಲೆ ಮೊದಲು ಕೇಶಾಲಂಕಾರದ ಅಂಗಡಿಯಲ್ಲಿ ಕೆಲಸ, ಆಮೇಲೆ ಹೊಲಿಗೆ, ಆಮೇಲೆ ಬಂದರಿನ ಮೀನಿನ ಕಟ್ಟೆ. ಎಲ್ಲಿಯೂ ನಿಲ್ಲಲಾಗಲಿಲ್ಲ. ಅಬು ಸಲೀಮನ ರೊಟ್ಟಿ ಒಲೆಯ ಅಂಗಡಿಯಲ್ಲಿ ಮಾತ್ರ ಏಳು ತಿಂಗಳಿನಿಂದ ಇದ್ದೇನೆ. ಬೀದಿಯ ಹೆಂಗಸರೆಲ್ಲ ಮನೆಯಿಂದ ತಟ್ಟೆ ತಂದು ಇಲ್ಲಿ ಬೇಯಿಸಿಕೊಂಡು ಹೋಗುತ್ತಾರೆ. ಯಾರ ಮನೆಯಲ್ಲಿ ಏನು ಹಬ್ಬ, ಏನು ಸೂತಕ, ಎಲ್ಲವೂ ಒಲೆಯ ಬಾಯಲ್ಲೇ ತಿಳಿಯುತ್ತದೆ.

ರಮದಾನ್ ನಡೆಯುತ್ತಿದೆ. ನಾನು ಚೀಸ್ ರೊಟ್ಟಿ ಬಾಯಿಗಿಟ್ಟಾಗ ಅಬು ಸಲೀಮ್ ಗೊಣಗಿದ:

"ನಾಚಿಕೆ ಇಲ್ವೇನೇ? ಹಸಿದವನ ಮುಂದೆ ತಿಂತೀಯ."

"ಈ ತಿಂಗಳ ಮೊದಲಲ್ಲಿ ನಮ್ಮ ಉಪವಾಸ ಇತ್ತಲ್ಲ, ಆಗ ನೀವು ನನ್ನೆದುರು ಮಾಂಸದ ರೊಟ್ಟಿ ತಿಂದ್ರಿ."

"ಅದೂ ಒಂದು ಉಪವಾಸಾನಾ? ಎಣ್ಣೆಯಲ್ಲಿ ಕರಿದ ಬದನೆಕಾಯಿ ಹೊಟ್ಟೆ ತುಂಬ ತಿಂದು ಉಪವಾಸ ಅಂತೀರಿ. ಸಂತರು ನಗ್ತಾರೆ."

ಆದರೂ ಗೋಡೆಯ ಹಿಂದೆ ಹೋಗಿ ತಿಂದೆ. ಅಮ್ಮನೂ ಈ ತಿಂಗಳು ಬಾಲ್ಕನಿಯಲ್ಲಿ ಕಾಫಿ ಕುಡಿಯುವುದಿಲ್ಲ. ಸಂಜೆ ಉಪವಾಸ ಬಿಡುವ ಹೊತ್ತಿಗೆ ಎದುರು ಮನೆಯ ಉಮ್ಮ್ ವಸೀಮ್, ಅಂದರೆ ವಸೀಮನ ತಾಯಿ, ನಮಗೆ ಬೇಳೆಯ ಸೂಪು ಕಳಿಸುತ್ತಾಳೆ. ಬರಿದಾದ ಬಟ್ಟಲನ್ನು ಹಾಗೇ ಹಿಂದಿರುಗಿಸುವಂತಿಲ್ಲ, ಅಮ್ಮ ಅದರಲ್ಲಿ ಅಂಜೂರವನ್ನೋ ಉಪ್ಪಿನ ಸೌತೆಯನ್ನೋ ಹಾಕಿ ಕಳಿಸುತ್ತಾಳೆ. ಬೈರೂತಿನ ಹಾಗೆ ನಮ್ಮ ಊರೂ ಒಳಯುದ್ಧದಲ್ಲಿ ಇಬ್ಭಾಗವಾಗಿ ಗುಂಡು ಹಾರುತ್ತಿದ್ದ ವರ್ಷಗಳಲ್ಲೂ ಈ ಬಟ್ಟಲು ನಿಂತಿರಲಿಲ್ಲವಂತೆ.

ಇವತ್ತು ಸೂಪು ಬಂತು. ಅಪ್ಪ ಮುಟ್ಟಲಿಲ್ಲ. ಬಟ್ಟಲಿಗೆ ಅಂಜೂರ ಹಾಕಿ ಕಳಿಸಿದ್ದು ನಾನು.

ಸೆಪ್ಟೆಂಬರ್ 11, ಶುಕ್ರವಾರ

ಬಗೆಹರಿಯುವ ಲಕ್ಷಣವಿಲ್ಲ. ನಮ್ಮ ಪಾದ್ರಿ ಅಪ್ಪನನ್ನು ಕೂರಿಸಿಕೊಂಡು, ಮುಸ್ಲಿಂ ಧರ್ಮಗುರು ಶೇಖ್ ಮುಂದೆ ಮದುವೆಯಾದರೆ ನುಹಾದ್‌ಗೆ ಚರ್ಚಿನಲ್ಲಿ ಪ್ರಸಾದ ಕೊಡುವಂತಿಲ್ಲ ಎಂದರಂತೆ. ಅತ್ತ ವಸೀಮನ ದೊಡ್ಡಪ್ಪ ಹಾಜಿ ಅದ್ನಾನ್, "ನಮ್ಮಲ್ಲಿ ಹುಡುಗಿಯರೇ ಇಲ್ವಾ" ಎಂದು ಕೂಗಾಡಿದನಂತೆ. ವಸೀಮನಿಗೆ ತಂದೆ ಇಲ್ಲ, ಆ ಮನೆಯಲ್ಲಿ ಹಾಜಿಯ ಮಾತೇ ನಡೆಯುವುದು. ಅವರ ಧರ್ಮದ ಪ್ರಕಾರ ಗಂಡಸು ಕ್ರೈಸ್ತ ಹೆಣ್ಣನ್ನು ಮತ ಬದಲಿಸದೆಯೇ ಮದುವೆಯಾಗಬಹುದು, ಅಡ್ಡಿ ಇರುವುದು ಮನಸ್ಸಿನಲ್ಲಿ.

ನನಗೆ ಸಿಟ್ಟು ಬರುವುದು ಇದಕ್ಕೇ. ಈ ಊರಲ್ಲಿ ನಾವು ಒಂದೇ ಒಲೆಯಲ್ಲಿ ಬೇಯಿಸುತ್ತೇವೆ, ಒಂದೇ ಜನರೇಟರಿನ ಬೆಳಕಲ್ಲಿ ಕೂರುತ್ತೇವೆ. ಹುಟ್ಟುವಾಗ, ಮದುವೆಯಾಗುವಾಗ, ಸಾಯುವಾಗ ಮಾತ್ರ ಬೇರೆ ಬೇರೆ ಬಾಗಿಲಿಗೆ ಹೋಗಿ ನಿಲ್ಲಬೇಕು.

ಸೆಪ್ಟೆಂಬರ್ 19, ಶನಿವಾರ

ಅಪ್ಪ ಒಪ್ಪಿದರು!

ಯಾರೂ ವಾದ ಮಾಡಿ ಒಪ್ಪಿಸಿದ್ದಲ್ಲ. ಅಪ್ಪ ಬಂದರಿನಲ್ಲಿ ದೋಣಿ ಕಟ್ಟುವ ಬಡಗಿ. ಎರಡು ವಾರದಿಂದ ವಸೀಮ್ ತನ್ನ ವೈರಿಂಗ್ ಕೆಲಸ ಮುಗಿಸಿ ದಿನಾ ಅಲ್ಲಿಗೆ ಹೋಗಿ ಹಲಗೆಯ ಇನ್ನೊಂದು ತುದಿ ಹಿಡಿದು ನಿಲ್ಲುತ್ತಿದ್ದನಂತೆ. ಮದುವೆಯ ಮಾತೇ ಎತ್ತಲಿಲ್ಲ. ನೀರೂ ಕುಡಿಯದೆ, ಆ ಬಿಸಿಲಲ್ಲಿ. ಇವತ್ತು ಅಪ್ಪ ಕೈ ತೊಳೆಯುತ್ತ, ಅಮ್ಮನಿಗೆ ಬೆನ್ನು ಹಾಕಿ ಹೇಳಿದರು: "ಉಪವಾಸದ ಹುಡುಗನ ಕೈಯಲ್ಲಿ ಇನ್ನೆಷ್ಟು ದಿನ ಹಲಗೆ ಹೊರಿಸಲಿ. ಹಬ್ಬ ಮುಗೀಲಿ, ಅವರ ಮನೆಯವರು ಬಂದು ಕಾಫಿ ಕುಡೀಲಿ."

ನುಹಾದ್ ಅಳುತ್ತ ನನ್ನನ್ನು ತಬ್ಬಿಕೊಂಡಳು. ಅವಳು ನನ್ನನ್ನು ತಬ್ಬಿ ಎಷ್ಟು ವರ್ಷವಾಗಿತ್ತೋ.

ಸೆಪ್ಟೆಂಬರ್ 29, ಮಂಗಳವಾರ

ಬರುವ ಭಾನುವಾರ ಅವರು ಬರುತ್ತಾರೆ. ಶೇಖ್ ಕೂಡ ಬಂದು ಕುರಾನಿನ ಮೊದಲ ಅಧ್ಯಾಯ ಫಾತಿಹಾ ಓದಿದರೆ ನಿಶ್ಚಿತಾರ್ಥವಾದಂತೆ.

ಅಮ್ಮನೂ ನಾನೂ ದ್ರಾಕ್ಷಿ ಎಲೆ ಸುತ್ತುತ್ತ ಕೂತಿದ್ದೆವು. ಅಮ್ಮ ಎಲೆಯೊಂದನ್ನು ಬಿಚ್ಚಿ ಸುತ್ತಿ, ಮತ್ತೆ ಬಿಚ್ಚಿದಳು. ಆಮೇಲೆ, "ಆ ಹುಡುಗನಿಗೆ ಎದೆಹಾಲು ಕೊಟ್ಟಿದ್ದೀನಿ ಕಣೇ ನಾನು" ಅಂದಳು.

ಎಂಬತ್ತೈದರಲ್ಲಿ ಊರಿನ ಮೇಲೆ ಶೆಲ್ ಬೀಳುತ್ತಿದ್ದಾಗ ಕಟ್ಟಡದವರೆಲ್ಲ ನೆಲಮಾಳಿಗೆಯಲ್ಲಿದ್ದರಂತೆ. ಉಮ್ಮ್ ವಸೀಮ್‌ಗೆ ವಿಪರೀತ ಜ್ವರ. ಒಂದು ಬೆಳಿಗ್ಗೆ ಗುಂಡಿನ ಸದ್ದು ನಿಂತಾಗ ಅವಳ ಗಂಡ ಅವಳನ್ನು ಆಸ್ಪತ್ರೆಗೆ ಕರೆದೊಯ್ದ. ದಾರಿ ಮತ್ತೆ ಮುಚ್ಚಿತು. ಎರಡು ತಿಂಗಳ ವಸೀಮ್ ಅಮ್ಮನ ಮಡಿಲಲ್ಲಿ ಉಳಿದ. ನುಹಾದ್ ಆಗ ಐದು ತಿಂಗಳ ಕೂಸು.

"ಮೂರು ದಿನ. ಈ ಕಡೆ ಇವಳು, ಆ ಕಡೆ ಅವನು. ಡಬ್ಬಿ ಹಾಲು ಎಲ್ಲಿಂದ ತರ್ಲಿ? ಅವಳು ವಾಪಸ್ ಬಂದಾಗ ಅವಳಿಗೆ ಹಾಲು ಬತ್ತಿಹೋಗಿತ್ತು. ನನ್ನ ಮಗು ಏನು ಕುಡೀತು ಅಂತ ಅಳ್ತಾ ಕೇಳಿದ್ಳು. ಅವಳ ಮುಖ ನೋಡಿ, ಡಬ್ಬಿ ಹಾಲು ಸಿಕ್ಕಿತ್ತು ಅಂದೆ. ಯಾರಿಗೂ ಹೇಳಬೇಡ."

"ಇಷ್ಟು ಒಳ್ಳೆ ವಿಷಯ ಯಾಕಮ್ಮ ಮುಚ್ಚಿಡಬೇಕು?"

"ಹೇಳಬೇಡ ಅಂದೆ, ಅಷ್ಟೇ."

ನಾನಾಗಿ ಹೇಳುವುದಿಲ್ಲ, ಯಾರಾದರೂ ಕೇಳಿದರೆ ಸುಳ್ಳೂ ಹೇಳುವುದಿಲ್ಲ ಎಂದೆ. ಅಮ್ಮ ನನ್ನನ್ನೇ ನೋಡಿದಳು. "ಇದನ್ನ ಯಾರು ಕೇಳ್ತಾರೆ" ಅಂದಳು.

ಎಷ್ಟು ಚೆಂದದ ಕಥೆ. ತಲೆಯಿಂದ ಹೋಗುತ್ತಲೇ ಇಲ್ಲ.

ಅಕ್ಟೋಬರ್ 4, ಭಾನುವಾರ

ಇವತ್ತು ಬರೆಯಲಾರೆ.

ಅಕ್ಟೋಬರ್ 5, ಸೋಮವಾರ

ಒಲೆಗೆ ಹೋಗಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನನಗೆ ಅನುಕೂಲವಾಗುವಂತೆ ಒಂದಕ್ಷರವನ್ನೂ ಬದಲಿಸದೆ.

ನಿನ್ನೆ ನಾಲ್ಕು ಗಂಟೆಗೆ ಬಂದರು. ಉಮ್ಮ್ ವಸೀಮ್, ವಸೀಮ್, ಹಾಜಿ ಅದ್ನಾನ್, ಬಿಳಿ ಗಡ್ಡದ ಶೇಖ್. ವಸೀಮ್ ಕ್ಷೌರ ಮಾಡಿಸಿಕೊಂಡಿದ್ದ, ಕಿವಿಗಳೆರಡೂ ಎದ್ದು ಕಾಣುತ್ತಿದ್ದವು. ನುಹಾದ್ ಅವನನ್ನು ನೋಡದೆ ನೆಲ ನೋಡುತ್ತ ನಗುತ್ತಿದ್ದಳು. ಹಿರಿಯರ ಮಾತು ಚೆನ್ನಾಗಿಯೇ ನಡೆಯಿತು. ಹಾಜಿಯೊಬ್ಬ ಬಿಟ್ಟು.

"ಮೀಖಾಯಿಲ್, ನೀವು ಒಳ್ಳೆಯವರು," ಎಂದ ಅಪ್ಪನಿಗೆ. "ಮೂವತ್ತು ವರ್ಷದ ನೆರೆಹೊರೆ. ಆದರೆ ನೆರೆಹೊರೆ ಬೇರೆ, ರಕ್ತ ಬೇರೆ. ನಿಮಗೂ ನಮಗೂ ನಡುವೆ ಇರೋದು ಕಾಫಿ ಮಾತ್ರ. ಕಾಫಿಯಿಂದ ಸಂಸಾರ ಕಟ್ಟೋಕಾಗುತ್ತಾ?"

ಅಪ್ಪನ ಕಿವಿ ಕೆಂಪಾದದ್ದು ನನಗೆ ಕಾಣಿಸಿತು. ನಾನು ಕಾಫಿಯ ತಟ್ಟೆ ಹಿಡಿದು ಹಾಜಿಯ ಮುಂದೆಯೇ ನಿಂತಿದ್ದೆ. ನನ್ನನ್ನು ಯಾರೂ ಏನೂ ಕೇಳಿರಲಿಲ್ಲ.

"ಕಾಫಿ ಮಾತ್ರ ಅಲ್ಲ ದೊಡ್ಡಪ್ಪ," ಅಂದೆ. "ನಿಮ್ಮ ವಸೀಮ್ ನಮ್ಮಮ್ಮನ ಎದೆಹಾಲು ಕುಡಿದಿದ್ದಾನೆ. ಶೆಲ್ ಬೀಳ್ತಿದ್ದಾಗ, ಮೂರು ದಿನ, ನುಹಾದ್ ಜೊತೆ. ರಕ್ತಕ್ಕಿಂತ ಅದೇನು ಕಡಿಮೇನಾ?"

ಹೇಳುವಾಗ ನನಗೆ ಹೆಮ್ಮೆಯಾಯಿತು. ಇದನ್ನೂ ಬರೆಯಬೇಕು. ಹಾಜಿಯ ಬಾಯಿ ಮುಚ್ಚಿಸಿದೆ, ಇಷ್ಟೂ ದಿನ ಯಾರಿಗೂ ಸಿಗದ ಮಾತು ನನಗೆ ಸಿಕ್ಕಿತು ಎಂದುಕೊಂಡೆ.

ಶೇಖ್ ಕಾಫಿ ಬಟ್ಟಲನ್ನು ಮೇಜಿನ ಮೇಲಿಟ್ಟರು. ವಸೀಮನ ಮುಖದಲ್ಲಿ ನಗು ಇನ್ನೂ ಇತ್ತು, ಆದರೆ ಯಾರೋ ಅಲ್ಲಿ ಮರೆತು ಬಿಟ್ಟುಹೋದ ಹಾಗೆ ಇತ್ತು. ಉಮ್ಮ್ ವಸೀಮ್ ನಿಧಾನವಾಗಿ ಅಮ್ಮನ ಕಡೆ ತಿರುಗಿದಳು.

ಹಾಜಿಯೇ ಮೊದಲು ಬಾಯಿಬಿಟ್ಟದ್ದು. "ಒಂದೇ ತಾಯಿಯ ಹಾಲು ಕುಡಿದವರು ಒಡಹುಟ್ಟಿದವರು. ಅಕ್ಕನ್ನ ಮದುವೆ ಆಗ್ತಾನಾ ಇವನು? ಅಲ್ಲಾ ಕಾಪಾಡಲಿ."

ನನಗೆ ಅರ್ಥವಾಗಲಿಲ್ಲ. ಹಾಲಿನ ಅಣ್ಣ, ಹಾಲಿನ ತಂಗಿ ಎಂದು ಬೀದಿಯಲ್ಲಿ ಜನ ಪ್ರೀತಿಗೆ ಹೇಳುವುದನ್ನು ಕೇಳಿದ್ದೆ. ಅದು ಪ್ರೀತಿಯ ಮಾತು ಎಂದೇ ತಿಳಿದಿದ್ದೆ. ಅದಕ್ಕೊಂದು ಕಾನೂನು ಇದೆಯೆಂದು, ಅದು ಮದುವೆಯನ್ನೇ ಮುರಿಯುತ್ತದೆಂದು ನಮಗೆ ಯಾರು ಹೇಳಬೇಕು? ನಮ್ಮಲ್ಲಿ ಹಾಲು ಹಾಲಷ್ಟೇ.

ಶೇಖ್ ನನ್ನನ್ನು ಹತ್ತಿರ ಕರೆದರು. ಅವರ ದನಿ ಮೆತ್ತಗಿತ್ತು.

"ಮಗಳೇ, ಆಗ ನೀನು ಹುಟ್ಟಿದ್ದೆಯಾ?"

"ಇಲ್ಲ."

"ಅಂದ್ರೆ ನೋಡಿದ್ದಲ್ಲ, ಕೇಳಿದ್ದು. ಕೇಳಿದ್ದರಲ್ಲಿ ತಪ್ಪಿರಬಹುದಲ್ವಾ? ಯುದ್ಧದ ಕಾಲದ ಮಾತು, ಒಬ್ಬರದು ಇನ್ನೊಬ್ಬರದಕ್ಕೆ ಸೇರಿಕೊಂಡಿರಬಹುದು."

ಅವರು ನನಗೆ ಹಗ್ಗ ಎಸೆಯುತ್ತಿದ್ದರು. ಈಗ ತಿಳಿಯುತ್ತದೆ. ಅಮ್ಮ ತಕ್ಷಣ ಅದನ್ನು ಹಿಡಿದಳು.

"ಹೌದು ಶೇಖ್, ಅವಳಿಗೆ ತಪ್ಪು ತಿಳುವಳಿಕೆ. ಡಬ್ಬಿ ಹಾಲು ಕೊಟ್ಟಿದ್ದೆ ನಾನು. ಇವಳು ಏನೋ ಕೇಳಿ ಏನೋ ಕಟ್ಟಿಕೊಂಡಿದ್ದಾಳೆ."

ಅಲ್ಲಿಗೆ ಮುಗಿಯಬಹುದಿತ್ತು. ನುಹಾದ್ ನನ್ನನ್ನು ನೋಡುತ್ತಿದ್ದಳು, ಕಣ್ಣಲ್ಲೇ ಕೈಮುಗಿಯುತ್ತಿದ್ದಳು. ಏನೋ ದೊಡ್ಡದು ಒಡೆದಿದೆ ಎಂದು ಆ ಹೊತ್ತಿಗೆ ನನಗೂ ಗೊತ್ತಾಗಿತ್ತು. ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಎಲ್ಲರೆದುರು ಅಮ್ಮ ನನ್ನನ್ನು ಸುಳ್ಳುಗಾರ್ತಿ ಮಾಡಿದಳು ಎಂಬುದೊಂದೇ ನನ್ನ ಕಿವಿಯಲ್ಲಿ ಸುತ್ತುತ್ತಿತ್ತು.

"ನಾನೇನೂ ಕಟ್ಟಿಲ್ಲ," ಅಂದೆ. "ಮಂಗಳವಾರ ನೀನೇ ಹೇಳಿದ್ಯಲ್ಲಮ್ಮ. ಈ ಕಡೆ ಇವಳು, ಆ ಕಡೆ ಅವನು ಅಂತ. ಡಬ್ಬಿ ಹಾಲು ಎಲ್ಲಿಂದ ತರ್ಲಿ ಅಂತ."

ಉಮ್ಮ್ ವಸೀಮ್ ಎದ್ದು ಅಮ್ಮನ ಮುಂದೆ ಬಂದು ನಿಂತಳು. "ಜೋರ್ಜೆತ್, ನನ್ನ ಮುಖ ನೋಡಿ ಹೇಳು."

ಅಮ್ಮ ನೋಡಲಿಲ್ಲ. ಅದೇ ಉತ್ತರವಾಯಿತು.

ಫಾತಿಹಾ ಓದಲಿಲ್ಲ. ಹಾಜಿ ಗೆದ್ದವನಂತೆ ಹೋಗಲಿಲ್ಲ, ಅವನ ಮುಖವೂ ಸೋತಿತ್ತು. ಶೇಖ್ ಹೋಗುವಾಗ ನನ್ನ ತಲೆಯ ಮೇಲೆ ಕೈಯಿಟ್ಟರು. ಹೊಡೆದಿದ್ದರೆ ಚೆನ್ನಾಗಿತ್ತು.

ಅಕ್ಟೋಬರ್ 6, ಮಂಗಳವಾರ

ಅಮ್ಮನನ್ನು ಕೇಳಿದೆ: "ಮದುವೆ ಆಗೋಕಾಗಲ್ಲ ಅಂತ ನಿನಗೆ ಗೊತ್ತಿತ್ತಾ?"

"ಹುಟ್ಟಿದಾಗಿಂದ ಇವರ ನಡುವೆ ಬದುಕಿದ್ದೀನಿ. ಗೊತ್ತಿರಲ್ವಾ?"

"ಮತ್ತೆ ನನಗ್ಯಾಕೆ ಹೇಳಿದೆ? ನಾನು ಎಂಥವಳು ಅಂತ ಗೊತ್ತಿದ್ದೂ?"

ಅಮ್ಮ ಬಹಳ ಹೊತ್ತು ಪಾತ್ರೆ ಉಜ್ಜಿದಳು. "ಒಬ್ಬಳೇ ಹೊರೋಕಾಗಲಿಲ್ಲ," ಅಂದಳು.

ಅಕ್ಟೋಬರ್ 13, ಮಂಗಳವಾರ

ಮೆಟ್ಟಿಲ ಮೇಲೆ ನುಹಾದ್, ವಸೀಮ್ ಮಾತಾಡುತ್ತಿದ್ದರು. ನಾನು ಒಂದು ಮಹಡಿ ಕೆಳಗೆ ಹಿಟ್ಟಿನ ಚೀಲ ಹಿಡಿದು ನಿಂತುಬಿಟ್ಟೆ.

"ಸೈಪ್ರಸ್ಸಿಗೆ ಹೋಗೋಣ," ನುಹಾದ್ ಹೇಳುತ್ತಿದ್ದಳು. "ಅಲ್ಲಿ ರಿಜಿಸ್ಟರ್ ಮಾಡಿಸ್ಕೊಂಡು ಬಂದವರು ಎಷ್ಟು ಜನ ಇಲ್ಲ? ಶೇಖೂ ಬೇಡ, ಪಾದ್ರಿಯೂ ಬೇಡ. ಯಾರೂ ಹಾಲು ಕೇಳಲ್ಲ ಅಲ್ಲಿ."

"ಕಾಗದದ ಕಷ್ಟ ಅಲ್ಲ ನುಹಾದ್."

"ಮತ್ತೇನು? ಆಚೆ ವಾರದ ಶನಿವಾರದವರೆಗೂ ನಾನು ನಿನಗೆ ಏನಾಗಿದ್ದೆ?"

"ಶನಿವಾರ ನನಗೆ ಗೊತ್ತಿರಲಿಲ್ಲ. ಈಗ ಗೊತ್ತು. ಗೊತ್ತಾಗಿದ್ದನ್ನ ಎಲ್ಲಿಡ್ಲಿ? ನಮಾಜಿಗೆ ನಿಂತ್ರೆ ಅದೇ ಬರುತ್ತೆ. ಹೇಳು, ಎಲ್ಲಿಡ್ಲಿ?"

ನಾನು ಕೆಮ್ಮಿ ಮೇಲೆ ಹತ್ತಿದೆ. ವಸೀಮ್ ಚೀಲ ಇಸಿದುಕೊಂಡು ನಮ್ಮ ಬಾಗಿಲವರೆಗೆ ಹೊತ್ತು ತಂದಿಟ್ಟ. ಯಾವತ್ತೂ ಮಾಡುವ ಹಾಗೆಯೇ.

ಅಕ್ಟೋಬರ್ 26, ಸೋಮವಾರ

ಇಪ್ಪತ್ತೆರಡು ದಿನದಿಂದ ಆ ಕಡೆಯಿಂದ ಬಟ್ಟಲು ಬಂದಿಲ್ಲ, ಈ ಕಡೆಯಿಂದ ಹೋಗಿಲ್ಲ. ನುಹಾದ್ ನನ್ನೊಂದಿಗೆ ಮಾತಾಡಿಲ್ಲ. ಅಪ್ಪ ಮಾತ್ರ ಯಾವಾಗಲೂ ಇದ್ದಂತೆ ಇರಲು ನೋಡುತ್ತಾರೆ. ಬೇಡವೆಂದು ಹಟ ಹಿಡಿದಿದ್ದವರು ಅವರೇ. ನಿನ್ನೆ ದೋಣಿ ಅಂಗಳದಲ್ಲಿ ಹಲಗೆಯ ಒಂದು ತುದಿ ಹಿಡಿದು ಇನ್ನೊಂದು ತುದಿಯನ್ನೇ ನೋಡುತ್ತ ನಿಂತಿದ್ದರು. ನಾನು ಹೋಗಿ ಹಿಡಿದೆ. "ನೀನು ಬೇಡ, ಬೆರಳು ಜಜ್ಜಿಕೊಳ್ತೀಯ" ಅಂದರು.

ನವೆಂಬರ್ 27, ಶುಕ್ರವಾರ

ಅವರ ದೊಡ್ಡ ಹಬ್ಬ. ಈ ದಿನ ಗಂಡಸರು ಅಕ್ಕತಂಗಿಯರ ಮನೆಗೆ, ಸೋದರತ್ತೆಯರ ಮನೆಗೆ ಹೋಗಿ ಶುಭಾಶಯ ಹೇಳಿ ಬರಬೇಕು.

ಹನ್ನೊಂದು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. ಉಮ್ಮ್ ವಸೀಮ್, ಅವಳ ಹಿಂದೆ ವಸೀಮ್. ಅವಳ ಕೈಯಲ್ಲಿ ಕುರ್ಬಾನಿಯ ಮಾಂಸದ ತಟ್ಟೆ, ಅವನ ಕೈಯಲ್ಲಿ ಖರ್ಜೂರ ತುಂಬಿದ ಬಿಸ್ಕತ್ತಿನ ಡಬ್ಬ. ಕ್ಷಮಿಸಿದ್ದಾಳೆ ಎಂದು ಅಮ್ಮನ ಮುಖ ಅರಳಿತು. ಕ್ಷಮಿಸಿದ್ದಳು ಕೂಡ. ಅದೇ ಕಷ್ಟವಾದದ್ದು.

"ಇದು ಮನೆಯವರ ಪಾಲು," ಅಂದಳು ಉಮ್ಮ್ ವಸೀಮ್. "ನೆರೆಯವರ ಪಾಲಲ್ಲ. ನುಹಾದ್, ಬಾರಮ್ಮ, ನಿನ್ನ ತಮ್ಮ ಹಬ್ಬಕ್ಕೆ ಬಂದಿದ್ದಾನೆ."

ನುಹಾದ್ ಬಂದಳು. ಕೂದಲು ಬಾಚಿಕೊಂಡು, ನೀಟಾಗಿ. ಡಬ್ಬ ತೆಗೆದುಕೊಂಡಳು. ವಸೀಮ್ ಬಾಯಿ ತೆರೆದ. ಅಕ್ಕ ಎನ್ನಬೇಕೆಂದು ಅವನಿಗೆ ಹೇಳಿ ಕರೆತಂದಿದ್ದರು, ನನಗೆ ಗೊತ್ತು. ಆ ಮಾತು ಹೊರಡಲಿಲ್ಲ. "ವರ್ಷ ವರ್ಷವೂ ಚೆನ್ನಾಗಿರು" ಅಂದ. "ನೀನೂ" ಅಂದಳು. ಕಾಫಿ ನಾನೇ ತಂದೆ. ಐದು ನಿಮಿಷ ಎಲ್ಲರೂ ಹವಾಮಾನದ ಬಗ್ಗೆ ಮಾತಾಡಿದರು. ಇನ್ನು ಅವನು ಕೇಳದೆಯೇ ನಮ್ಮ ಮನೆಯೊಳಗೆ ಬರಬಹುದು, ನುಹಾದ್ ಜೊತೆ ಒಂಟಿಯಾಗಿ ಕೂರಬಹುದು, ಯಾರೂ ಏನೂ ಅನ್ನುವಂತಿಲ್ಲ. ಎರಡು ವರ್ಷ ಕದ್ದು ಕದ್ದು ಬೇಡಿದ್ದೆಲ್ಲ ಅವರಿಗೆ ಸಿಕ್ಕಿತು.

ನವೆಂಬರ್ 30, ಸೋಮವಾರ

ನುಹಾದ್ ಬೈರೂತಿಗೆ ಹೋದಳು. ಅಲ್ಲೊಂದು ಔಷಧ ಅಂಗಡಿಯಲ್ಲಿ ಕೆಲಸ, ನಮ್ಮ ಅತ್ತೆಯ ಮನೆಯಲ್ಲಿ ವಾಸ. ಟ್ಯಾಕ್ಸಿ ಹತ್ತುವ ಮುಂಚೆ ಎರಡು ತಿಂಗಳಲ್ಲಿ ಮೊದಲ ಸಲ ನನ್ನೊಂದಿಗೆ ಮಾತಾಡಿದಳು. "ನನ್ನ ನೀಲಿ ಸ್ವೆಟರ್ ನೀನು ಹಾಕ್ಕೋ" ಅಂದಳು, ಅಷ್ಟೇ.

ಮಾಂಸದ ತಟ್ಟೆಯಲ್ಲಿ ಅವಳು ಒಂದು ತುಂಡನ್ನೂ ಮುಟ್ಟಿರಲಿಲ್ಲ.

ಡಿಸೆಂಬರ್ 4, ಶುಕ್ರವಾರ

ಸಂತ ಬಾರ್ಬರಾ ಹಬ್ಬ. ಅಮ್ಮ ಗೋಧಿ ಬೇಯಿಸಿ ಸಕ್ಕರೆ, ದಾಳಿಂಬೆ ಹಾಕಿ ಬಟ್ಟಲು ತುಂಬಿ, "ಕೊಟ್ಟು ಬಾ" ಅಂದಳು. ಆರು ಹೆಜ್ಜೆ ನಡೆದೆ.

ಉಮ್ಮ್ ವಸೀಮ್ ಒಳಗೆ ಕರೆದು ಕೂರಿಸಿದಳು. ಅವಳೇ ಶುರು ಮಾಡಿದಳು.

"ನಿನ್ನ ಮೇಲೆ ಸಿಟ್ಟಿಲ್ಲ ಅಂದ್ರೆ ಸುಳ್ಳಾಗುತ್ತೆ ತಕ್ಲಾ. ನಿನ್ನಮ್ಮನ ಮೇಲೂ ಇದೆ. ನನ್ನ ಮಗುವಿನ ಜೀವ ಉಳಿಸಿದಳು, ಅವಳ ಕೈಗೆ ಮುತ್ತಿಡಬೇಕು ನಾನು. ಆದರೆ ಮೊದಲೇ ಹೇಳಿದ್ರೆ ಅಕ್ಕತಮ್ಮನ ಥರ ಬೆಳೆಸ್ತಿದ್ದೆ, ಇಬ್ಬರಿಗೂ ಈ ಯೋಚನೆಯೇ ಬರ್ತಿರಲಿಲ್ಲ. ಇಲ್ಲಾಂದ್ರೆ ಸಾಯೋವರೆಗೂ ಹೇಳಬಾರದಿತ್ತು. ನೀವು ತಾಯಿಮಗಳು ಸೇರ್ಕೊಂಡು ಮಧ್ಯದಲ್ಲಿ ಹೇಳಿದ್ರಿ."

"ನನಗೆ ಗೊತ್ತಿರಲಿಲ್ಲ ದೊಡ್ಡಮ್ಮ."

"ಮೊದಲನೇ ಸಲ ಗೊತ್ತಿರಲಿಲ್ಲ."

ನಾನು ತಲೆ ತಗ್ಗಿಸಿದೆ. ಅವಳು ಗೋಧಿಯ ಬಟ್ಟಲನ್ನು ಬರಿದು ಮಾಡಿ ತೊಳೆದು, ತುಂಬಲು ಏನಿದೆಯೆಂದು ಅಡುಗೆಮನೆಯಲ್ಲಿ ಹುಡುಕತೊಡಗಿದಳು. ಅಲ್ಲಿಂದಲೇ ಕೇಳಿದಳು: "ಹಬ್ಬದ ಮಾಂಸ ನುಹಾದ್ ತಿಂದಳಾ?"

"ತಿಂದಳು. ಎರಡು ಸಲ ಬಡಿಸ್ಕೊಂಡಳು. ಇಷ್ಟು ಮೆತ್ತಗೆ ಯಾರೂ ಬೇಯಿಸಲ್ಲ ಅಂದಳು."

ಉಮ್ಮ್ ವಸೀಮ್ ತಲೆವಸ್ತ್ರದ ತುದಿಯಿಂದ ಮೂಗು ಒರೆಸಿಕೊಂಡು ಬಟ್ಟಲಿನಲ್ಲಿ ಕಿತ್ತಳೆ ಹಾಕಿಕೊಟ್ಟಳು. ಈ ವರ್ಷ ಕಿತ್ತಳೆ ಚೆನ್ನಾಗಿ ಬಂದಿದೆ.

ಡಿಸೆಂಬರ್ 22, ಮಂಗಳವಾರ

ಒಲೆಯಲ್ಲಿ ಕ್ರಿಸ್ಮಸ್ ತಟ್ಟೆಗಳ ರಾಶಿ. ಅಂಗೈ ಸುಟ್ಟುಕೊಂಡೆ. ಅಬು ಸಲೀಮ್ ಬೈಯುತ್ತಲೇ ಮುಲಾಮು ಹಚ್ಚಿದ. "ಮೂರು ತಿಂಗಳಿಂದ ನಿನ್ನ ಬಾಯೇ ಕೇಳಿಸ್ತಿಲ್ಲ. ಹುಷಾರಿಲ್ವಾ?"

ಚೆನ್ನಾಗಿಯೇ ಇದ್ದೇನೆ ಎಂದೆ.

2010, ಜನವರಿ 6, ಬುಧವಾರ

ಹಬ್ಬ. ದೀಕ್ಷಾಸ್ನಾನದ ದಿನವೆಂದು ಪಾದ್ರಿ ನೀರನ್ನು ಹರಸುವುದನ್ನು ನೋಡಲು ಎಲ್ಲರೂ ಸಮುದ್ರದ ಕಡೆ ಹೋಗಿದ್ದರು. ನಾನು ಹೋಗಲಿಲ್ಲ.

ಮೆಟ್ಟಿಲ ತಿರುವಿನಲ್ಲಿ ವಸೀಮ್ ಕೂತಿದ್ದ. ಕರೆಂಟ್ ಬೋರ್ಡ್ ಬಿಚ್ಚಿ ಪಕ್ಕದಲ್ಲಿಟ್ಟುಕೊಂಡಿದ್ದ, ಆದರೆ ಕೆಲಸವೇನೂ ಮಾಡುತ್ತಿರಲಿಲ್ಲ. ಶರ್ಟಿನ ಕಾಲರೊಳಗೆ ಕುತ್ತಿಗೆ ತೆಳ್ಳಗಾಗಿದೆ.

"ಬಾ ತಂಗಿ," ಅಂದ. ನಗಲು ನೋಡಿದ. "ನೀನೂ ತಂಗಿಯೇ ಅಲ್ವಾ ಈಗ? ಒಂದೇ ಮಾತಲ್ಲಿ ಇಬ್ಬರನ್ನ ಕೊಟ್ಟೆ ನನಗೆ."

ಪಕ್ಕದಲ್ಲಿ ಕೂತೆ.

"ಮನೆಯಲ್ಲಿ ಹುಡುಗಿ ನೋಡ್ತಿದ್ದಾರೆ," ಅಂದ. "ನಾಲ್ಕು ಕಡೆ ಹೋಗಿ ಬಂದ್ರು. ನಾನು ಯಾವುದಕ್ಕೂ ಹೂಂ ಅಂದಿಲ್ಲ. ಇವರಲ್ಲಿ ಯಾರ ತಾಯಿಯ ಹಾಲು ಕುಡಿದಿದ್ದೀನೋ ಅಂತ ಅಮ್ಮನ್ನ ರೇಗಿಸ್ತೀನಿ. ಅಳ್ತಾಳೆ." ಸ್ಕ್ರೂಡ್ರೈವರನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ಅಲ್ಲಿ ಊಟ ಸರಿಯಾಗಿ ಮಾಡ್ತಾಳಾ? ನನ್ನ ಬಗ್ಗೆ ಏನಾದ್ರೂ ಕೇಳ್ತಾಳಾ?"

ನುಹಾದ್ ಪ್ರತಿ ಭಾನುವಾರ ಫೋನ್ ಮಾಡುತ್ತಾಳೆ. ಎಲ್ಲರ ಕ್ಷೇಮ ಕೇಳಿ, ಕೊನೆಯಲ್ಲಿ, ಎದುರು ಮನೆಯಲ್ಲಿ ಎಲ್ಲ ಹೇಗಿದ್ದಾರೆ ಎಂದು ಅಮ್ಮನನ್ನು ಕೇಳುತ್ತಾಳೆ.

"ಊಟ ಮಾಡ್ತಾಳೆ," ಅಂದೆ. "ನಿನ್ನ ಬಗ್ಗೆ ಕೇಳಿಲ್ಲ. ಕೆಲಸ ಬಹಳ ಅವಳಿಗೆ."

ಅವನು ತಲೆಯಾಡಿಸಿ ಬೋರ್ಡಿನ ತಿರುಪು ಹಾಕತೊಡಗಿದ.

ಜನವರಿ 17, ಭಾನುವಾರ

ಇವತ್ತು ಫೋನ್ ನಾನೇ ಎತ್ತಿದೆ. ಅಪ್ಪ ಅಮ್ಮ ಚರ್ಚಿನಿಂದ ಬಂದಿರಲಿಲ್ಲ.

ನುಹಾದ್ "ನೀನಾ" ಅಂದಳು. ಅಪ್ಪನ ಸೊಂಟನೋವು ಕೇಳಿದಳು. ನನ್ನ ಕೈ ಕೇಳಿದಳು, ಯಾರು ಹೇಳಿದ್ದರೋ. ಬೈರೂತಿನಲ್ಲಿ ಒಬ್ಬ ಇದ್ದಾನೆ, ಅತ್ತೆಯ ಕಡೆಯವನು, ಎರಡು ಸಲ ಅಂಗಡಿಗೆ ಬಂದು ತಲೆನೋವಿನ ಮಾತ್ರೆ ಕೊಂಡ, ತಲೆನೋವೇನೂ ಇದ್ದ ಹಾಗಿಲ್ಲ ಎಂದಳು. ನಗಲಿಲ್ಲ, ಆದರೆ ದನಿಯಲ್ಲಿ ನಗುವಿನ ಜಾಗವೊಂದು ಕೇಳಿಸಿತು.

ಆಮೇಲೆ ಕೇಳಿದಳು. "ಅವನು ಹೇಗಿದ್ದಾನೆ ತಕ್ಲಾ?"

ಬಾಗಿಲು ತೆರೆದೇ ಇತ್ತು. ಮೆಟ್ಟಿಲ ಮೇಲೆ ಅವನು ಕೂತಿರುವುದು ನನಗೆ ಕಾಣುತ್ತಿತ್ತು. ನಮ್ಮ ಫೋನ್ ಭಾನುವಾರ ಈ ಹೊತ್ತಿಗೆ ರಿಂಗಾಗುತ್ತದೆಂದು ಅವನಿಗೆ ಗೊತ್ತಾಗಿಬಿಟ್ಟಿದೆ. ಎದ್ದು ಹೋಗಿ ಬಾಗಿಲು ಹಾಕಿ ಬಂದೆ.

"ಚೆನ್ನಾಗಿದ್ದಾನೆ," ಅಂದೆ. "ಟ್ರಿಪೋಲಿಯ ಕಡೆ ಒಂದು ಹುಡುಗಿ ನೋಡಿ ಬಂದ್ರು. ಅವನಿಗೆ ಹಿಡಿಸಿದ್ದಾಳೆ. ಬೇಸಿಗೆಯಲ್ಲಿ ಮದುವೆ ಆಗಬಹುದು."

ಆ ಕಡೆ ಬಸ್ಸಿನ ಸದ್ದು, ಯಾರೋ ಕೆಮ್ಮಿದ್ದು.

"ನಿಜವಾಗ್ಲೂ?" ಅಂದಳು. ತಕ್ಷಣ ತಾನೇ ಹೇಳಿಕೊಂಡಳು: "ನೋಡು, ನಾನು ಯಾರನ್ನ ಕೇಳ್ತಿದ್ದೀನಿ. ಬೇರೆ ಯಾರು ಹೇಳಿದ್ರೂ ನಂಬ್ತಿರಲಿಲ್ಲ. ನೀನು ಸುಳ್ಳು ಹೇಳೋಳಲ್ಲ."

"ಇಲ್ಲ," ಅಂದೆ.

ಮುಂದಿನ ಭಾನುವಾರ ಆ ತಲೆನೋವಿನ ಹುಡುಗನ ಜೊತೆ ಸಮುದ್ರದಂಡೆಗೆ ಹೋಗಿ ಬರ್ತೀನಿ, ಫೋನ್ ಮಾಡೋಕಾಗಲ್ಲ, ಅಮ್ಮನಿಗೆ ಹೇಳು ಎಂದು ಇಟ್ಟಳು.

ಬಾಗಿಲು ತೆರೆದೆ. ವಸೀಮ್ ತಲೆಯೆತ್ತಿ ನೋಡಿದ. ರಾಂಗ್ ನಂಬರ್ ಎಂದು ಹೇಳಿ, ಅಮ್ಮ ಬರುವಷ್ಟರಲ್ಲಿ ಅಕ್ಕಿ ಆರಿಸಲು ಕೂತೆ.